ಇಂಪ್ರೆಷನಿಸ್ಟ್ ಶೈಲಿಯಲ್ಲಿ ಹೊಳೆದಂಡೆ ಬರೆಯೋದು: ನೀರು ಯಾಕೆ ನೀರಾಗ್ತಿಲ್ಲ?

ಹೊಳೆಮತ್ತಿ_ನೆರಳು:

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ತಿರ ಕೂತು ಕಾವೇರಿ ಬರೆಯೋದಕ್ಕೆ ಶುರು ಮಾಡಿದೀನಿ. ಆಯಿಲ್ ಕಲರ್, 10×12 ಇಂಚಿನ ಕ್ಯಾನ್ವಾಸ್ ಬೋರ್ಡು, ಮಡಚೋ ಈಸೆಲ್. ಮೊನೆ, ಸಿಸ್ಲಿ ಥರದ ಇಂಪ್ರೆಷನಿಸ್ಟರು (ಬದಲಾಗೋ ಬೆಳಕನ್ನ ಹಿಡಿದು ಬರೆದ ಚಿತ್ರಕಾರರು) ಫ್ರಾನ್ಸಿನ ಸೀನ್ ನದಿ ದಂಡೇಲಿ ಬರೆದ ರೀತಿ ಕಲೀಬೇಕು ಅನ್ನೋದು ಆಸೆ.

ಕಲ್ಲುಕಂಬ, ಮರ ಎಲ್ಲ ಒಂದು ಹದಕ್ಕೆ ಬರ್ತಿದೆ. ನೀರು ಮಾತ್ರ ಮಲಗ್ತಾನೇ ಇಲ್ಲ, ನೀಲಿ ಗೋಡೆ ಎದ್ದು ನಿಂತ ಹಾಗೆ ಕಾಣತ್ತೆ. ಸಣ್ಣ ಸಣ್ಣ ಬ್ರಷ್ ಗುರುತು ಹಾಕಿದಷ್ಟೂ ಗಲಿಬಿಲಿ ಜಾಸ್ತಿ. ನೀರಿಗೆ ಯಾವ ಕ್ರಮದಲ್ಲಿ ಬಣ್ಣ ಹಾಕಬೇಕು? ಕಪ್ಪು ಮುಟ್ಟಬಾರದು ಅಂತಾರೆ, ಹಾಗಾದ್ರೆ ಸೇತುವೆ ಕೆಳಗಿನ ಕತ್ತಲಿಗೆ ಏನು ಹಾಕೋದು? ಇನ್ನೊಂದು, ಮನೇಲಿ ಕೂತು ಮೊನೆ ಚಿತ್ರ ಕಾಪಿ ಮಾಡಿ ಮೊದಲು ಕೈ ಪಳಗಿಸ್ಕೊಳ್ಳೋದಾ, ಇಲ್ಲಾ ನೇರ ಹೊಳೆ ಹತ್ರವೇ ಕಲಿಯೋದಾ?

ಬಣ್ಣದ_ಡಬ್ಬಿ:

ಫೋಟೋ ಹಾಕಿ ಸರ್. ನೋಡದೆ ಏನು ಹೇಳೋದು.

ಹೊಳೆಮತ್ತಿ_ನೆರಳು:

ಹಾಕಿದೀನಿ. ಬೆಳಗ್ಗೆ ಒಂಬತ್ತರ ಸುಮಾರಿನ ಬೆಳಕು.

ಮೈಸೂರು_ಡ್ರಾಯಿಂಗ್_ಮೇಷ್ಟ್ರು:

ಫೋಟೋ ನೋಡಿದೆ. ನೀವು ನೀರಿನ ಬಣ್ಣ ಬರೆದಿದ್ದೀರಿ, ನೀರಲ್ಲಿ ಕಾಣೋದನ್ನ ಬರೆದಿಲ್ಲ. ಇಡೀ ಹೊಳೆಗೆ ಒಂದೇ ನೀಲಿ, ಮೇಲಿಂದ ಕೆಳಗಿನವರೆಗೂ ಒಂದೇ ಗಾತ್ರದ ಗುರುತು. ಅದಕ್ಕೇ ಎದ್ದು ನಿಂತಿದೆ.

ದಂಡೆ ಮೇಲೆ ನಿಂತು ಕಾಲ ಬುಡದ ನೀರು ನೋಡಿ. ಅಲ್ಲಿ ನೋಟ ನೇರ ಕೆಳಕ್ಕೆ ಇಳಿಯೋದರಿಂದ ತಳದ ಕಲ್ಲು, ಪಾಚಿ, ಮರಳು ಕಾಣತ್ತೆ, ಪ್ರತಿಬಿಂಬ ಕಮ್ಮಿ. ದೂರ ಹೋದ ಹಾಗೆ ನೋಟ ನೀರನ್ನ ಓರೆಯಾಗಿ ಸವರ್ಕೊಂಡು ಹೋಗತ್ತೆ, ಆಗ ತಳ ಮಾಯ, ಆಕಾಶ ಮತ್ತು ಆಚೆ ದಂಡೆ ಮಾತ್ರ. ಅಂದರೆ ಹತ್ತಿರದ ನೀರು ಬೆಚ್ಚಗಿನ ಕಂದು ಹಸಿರು, ಸ್ವಲ್ಪ ಗಾಢ. ದೂರದ್ದು ತಿಳಿ, ತಣ್ಣನೆಯದು. ಈ ಒಂದು ಬದಲಾವಣೆ ಕ್ಯಾನ್ವಾಸ್ ಮೇಲೆ ಬಂತು ಅಂದ್ರೆ ನೀರು ತಾನಾಗೇ ಮಲಗತ್ತೆ, ಒಂದು ಅಲೆ ಬರೆಯದಿದ್ದರೂ ಸರಿ.

ಕ್ರಮ ಕೇಳಿದ್ರಿ. ಮೊದಲು ಪ್ರತಿಬಿಂಬಗಳ ದೊಡ್ಡ ಆಕಾರ. ಕಂಬದ ಪ್ರತಿಬಿಂಬ ಕಂಬದ ನೇರ ಕೆಳಗೇ ಇಳೀಬೇಕು, ನೆರಳಿನ ಹಾಗೆ ಪಕ್ಕಕ್ಕೆ ವಾಲಬಾರದು. ಬ್ರಷ್ಷನ್ನ ಮೇಲಿಂದ ಕೆಳಕ್ಕೆ ಎಳೀರಿ. ಕಪ್ಪಗಿರೋ ವಸ್ತುವಿನ ಪ್ರತಿಬಿಂಬ ಅದಕ್ಕಿಂತ ಒಂದು ಚೂರು ತಿಳಿ, ಬೆಳ್ಳಗಿರೋದರದ್ದು ಒಂದು ಚೂರು ಮಂಕು. ಆಮೇಲೆ ಅದು ಹಸಿ ಇರುವಾಗಲೇ, ಅಗಲ ಫ್ಲಾಟ್ ಬ್ರಷ್ಷಲ್ಲಿ ಆಕಾಶದ ಬಣ್ಣ ತಗೊಂಡು ಅಡ್ಡಡ್ಡ ಕೆಲವೇ ಕೆಲವು ಗೆರೆ. ಹತ್ತಿರದವು ಅಗಲ, ದೂರದವು ಸಣ್ಣ. ಅಲ್ಲಿಗೆ ಕೈ ತೆಗೀರಿ.

ಪ್ಯಾರಿಸ್_ಕನ್ನಡತಿ:

ಮೇಷ್ಟ್ರ ಮಾತಿಗೆ ಒಂದು ಉದಾಹರಣೆ ಸೇರಿಸ್ತೀನಿ. ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿ ಮೊನೆಯ ಒಂದು ಚಿತ್ರ ಇದೆ, ಸೀನ್ ದಂಡೆಯ ಆರ್ಜಾಂತೈ ಊರಿನ ದೋಣಿ ಪಂದ್ಯದ್ದು, 1872ರದ್ದು. ಚಿಕ್ಕ ಚಿತ್ರ, ಹತ್ತಿರ ಹೋಗಿ ಮೂಗು ತಾಗಿಸೋ ಅಷ್ಟು ದೂರದಲ್ಲಿ ನೋಡಬಹುದು. ಮೇಲಿನ ಅರ್ಧದಲ್ಲಿ ಹಾಯಿ, ಮನೆ, ದಂಡೆ ಎಲ್ಲ ಸಾಕಷ್ಟು ಸಮಾಧಾನವಾಗಿ ಬರೆದಿದ್ದಾನೆ. ಕೆಳಗಿನ ಅರ್ಧಕ್ಕೆ ಬಂದ್ರೆ ಅದೇ ಹಾಯಿ ಕೆನೆಬಿಳಿಯ ದಪ್ಪ ಪಟ್ಟೆಗಳಾಗಿ ಒಡೆದಿದೆ. ಕೆಂಪು ಛಾವಣಿಯ ಪ್ರತಿಬಿಂಬ ಅಂದ್ರೆ ಕಿತ್ತಳೆ ಬಣ್ಣದ ಅಡ್ಡ ತುಂಡುಗಳು, ಪಕ್ಕದಲ್ಲೇ ಹಸಿರಿನ ತುಂಡುಗಳು, ನಡುವೆ ನೀಲಿ. ಒಂದೊಂದು ತುಂಡೂ ಒಂದೇ ಸಲ ಬ್ರಷ್ ಇಟ್ಟು ಎಳೆದದ್ದು, ಮೇಲೆ ತಿದ್ದಿಲ್ಲ. ನಾವು ಇಂಪ್ರೆಷನಿಸಂ ಅಂದ ತಕ್ಷಣ ಸಣ್ಣ ಚುಕ್ಕಿ ಅಂದ್ಕೋತೀವಲ್ಲ, ಅಲ್ಲಿ ಒಂದು ಚುಕ್ಕಿಯೂ ಇಲ್ಲ.

ಬಣ್ಣದ_ಡಬ್ಬಿ:

ಆದ್ರೆ ಮೇಡಂ, ಶುದ್ಧ ಬಣ್ಣಗಳನ್ನ ಪಕ್ಕಪಕ್ಕ ಚುಕ್ಕಿ ಇಟ್ಟು, ದೂರದಿಂದ ಕಣ್ಣಲ್ಲೇ ಮಿಶ್ರ ಆಗೋ ಹಾಗೆ ಮಾಡೋದೇ ಇಂಪ್ರೆಷನಿಸಂ ಅಂತ ನಮ್ಮ ಕ್ಲಾಸಲ್ಲಿ ಹೇಳಿಕೊಟ್ಟಿದ್ದು.

ನೀಲಿಯೊಂದೇ_ಸಾಲದು:

ಅದು ಆಮೇಲೆ ಬಂದ ಸ್ಯೂರಾ ಅನ್ನೋ ಚಿತ್ರಕಾರನ ದಾರಿ. 1884ರಿಂದ 86ರವರೆಗೆ ಬರೆದ ಗ್ರಾಂದ್ ಜಾತ್ ದ್ವೀಪದ ದೊಡ್ಡ ಚಿತ್ರ, ಅದೂ ಸೀನ್ ನದಿ ದಂಡೆಯದ್ದೇ. ಅಷ್ಟು ಹೊತ್ತಿಗೆ ಮೊನೆ, ರೆನ್ವಾರ್ ಇವರ ಮೊದಲ ಪ್ರದರ್ಶನ ಆಗಿ ಹತ್ತು ವರ್ಷ ದಾಟಿತ್ತು (1874, ಪ್ಯಾರಿಸ್ಸಿನಲ್ಲಿ ಫೋಟೋಗ್ರಾಫರ್ ನಾದಾರ್ ಅವರ ಹಳೇ ಸ್ಟುಡಿಯೋದಲ್ಲಿ). ಮೊನೆ ಪ್ಯಾಲೆಟ್ ಮೇಲೆ ಬಣ್ಣ ಕಲಸ್ತಾನೇ ಇದ್ದ, ಕ್ಯಾನ್ವಾಸ್ ಮೇಲೆ ಹಸಿ ಬಣ್ಣದೊಳಗೆ ಹಸಿ ಬಣ್ಣವನ್ನೂ ಎಳೀತಿದ್ದ. ಅವರಿಗೆ ಬೇಕಾಗಿದ್ದು ಒಂದು ಬಣ್ಣದ ಪಕ್ಕ ಇನ್ನೊಂದು ಬಂದಾಗ ಎರಡೂ ಹೇಗೆ ಬದಲಾಗಿ ಕಾಣ್ತವೆ ಅನ್ನೋದು. ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕೋ ವಿಭಾಗ ನೋಡ್ಕೋತಾ ಇದನ್ನ ಗಮನಿಸಿ 1839ರಲ್ಲೇ ಪುಸ್ತಕ ಬರೆದಿದ್ದ. ಕಿತ್ತಳೆ ಪಕ್ಕ ನೀಲಿ ಇಟ್ರೆ ಎರಡೂ ಜೋರಾಗ್ತವೆ. ಆ ದೋಣಿ ಪಂದ್ಯದ ಚಿತ್ರದಲ್ಲಿ ಛಾವಣಿಯ ಕಿತ್ತಳೆ ನೀರಿನ ನೀಲಿ ಮಧ್ಯೆ ಉರಿಯೋದು ಅದಕ್ಕೇ.

ಬಣ್ಣದ_ಡಬ್ಬಿ:

ಓ ಹಾಗಾ. ಹೊಸ ವಿಷಯ, ಥ್ಯಾಂಕ್ಸ್.

ಧಾರವಾಡ_ಕುಂಚ:

ನಾ ಕಾಪಿ ಮಾಡೋದರ ಪರ ನೋಡ್ರಿ. ಹಾಡು ಕಲಿಯೋರು ಮೊದಲ ಗುರುಗಳ ಹಿಂದ ಹಾಡತಾರ, ಆಮ್ಯಾಲೆ ಸ್ವಂತದ್ದು. ದೊಡ್ಡವರ ಒಂದು ಚಿತ್ರ ಮುಂದ ಇಟಗೊಂಡು, ಈ ಬಣ್ಣ ಇಲ್ಲಿ ಯಾಕ ಬಂತು ಅಂತ ಕೇಳ್ಕೋತ ಬರದ್ರ ಕೈಗೆ ಧೈರ್ಯ ಬರ್ತೈತಿ. ಹೊಳಿ ಹತ್ರ ಕುಂತ್ರ ಬಿಸಲು, ಗಾಳಿ, ನೋಡಾಕ ಬರೋ ಮಂದಿ, ಇದರಾಗ ಕಲಿಯೋದು ಯಾವಾಗ?

ತುಂಗಾ_ತೀರ:

ಇಲ್ಲ ಮಾರಾಯ್ರೇ, ನಾನು ಒಪ್ಪುವುದಿಲ್ಲ. ಪ್ರಿಂಟ್ ನೋಡಿ ಕಾಪಿ ಮಾಡುವವರಿಗೆ ಬಣ್ಣ ಯಾರೋ ಮೊದಲೇ ಆರಿಸಿ ಕೊಟ್ಟಿರುತ್ತಾರೆ. ಕಷ್ಟ ಇರುವುದೇ ಆರಿಸುವುದರಲ್ಲಿ. ಎದುರಿಗೆ ಹೊಳೆ ಹರಿಯುತ್ತಿದೆ, ಸಾವಿರ ಬಣ್ಣ ಇದೆ, ಬೆಳಕು ಓಡುತ್ತಿದೆ, ಅದರಲ್ಲಿ ನಾಲ್ಕೈದನ್ನು ಹಿಡಿಯಬೇಕು. ಆ ಕಲೆ ಕಾಪಿಯಲ್ಲಿ ಬರುವುದೇ ಇಲ್ಲ. ಮೇಲಾಗಿ ಫೋನಿನಲ್ಲಿ ಕಾಣುವ ಮೊನೆಯ ನೀಲಿ ಒಂದೊಂದು ವೆಬ್‌ಸೈಟಿನಲ್ಲಿ ಒಂದೊಂದು ಥರ. ಯಾವುದನ್ನು ಕಾಪಿ ಮಾಡುತ್ತೀರಿ?

ಧಾರವಾಡ_ಕುಂಚ:

ಬಣ್ಣ ಹೆಚ್ಚುಕಮ್ಮಿ ಇರ್ಲಿ ಬಿಡ್ರಿ. ಬ್ರಷ್ ಯಾವ ದಿಕ್ಕಿಗೆ ಹೋಗೈತಿ, ಎಲ್ಲಿ ನಿಂತೈತಿ, ಅದು ಪ್ರಿಂಟಿನ್ಯಾಗೂ ಕಾಣತೈತಿ. ನಾ ಕಾಪಿ ಮಾಡ್ರಿ ಅನ್ನೋದು ಅಷ್ಟಕ್ಕ.

ಪ್ಯಾರಿಸ್_ಕನ್ನಡತಿ:

ಇಬ್ಬರ ಜಗಳಕ್ಕೂ ಸಂಬಂಧ ಇರೋ ಒಂದು ಕಥೆ. 1869ರ ಬೇಸಿಗೆಯಲ್ಲಿ ಮೊನೆ, ರೆನ್ವಾರ್ ಇಬ್ಬರೂ ಪ್ಯಾರಿಸ್ ಪಕ್ಕದ ಲಾ ಗ್ರೆನುಯೇರ್ ಅನ್ನೋ ಈಜು ಮತ್ತು ದೋಣಿವಿಹಾರದ ಜಾಗದಲ್ಲಿ ಅಕ್ಕಪಕ್ಕ ಈಸೆಲ್ ಇಟ್ಟು ಬರೆದರು. ಇಬ್ಬರ ಎದುರಿಗೂ ಅದೇ ಪುಟ್ಟ ದುಂಡು ದ್ವೀಪ, ಅದೇ ಒಂಟಿ ಮರ, ಅದೇ ಕಾಲುಹಲಗೆ. ಮೊನೆಯದ್ದು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ, ರೆನ್ವಾರ್‌ದು ಸ್ಟಾಕ್‌ಹೋಮಿನಲ್ಲಿ. ಮೊನೆಗೆ ನೀರೇ ಮುಖ್ಯ: ಅಗಲ ಅಡ್ಡಪಟ್ಟೆಗಳು, ಕತ್ತಲು ಒಂದು, ಬೆಳಕು ಒಂದು, ಜನ ಬರೀ ನಾಲ್ಕು ಗೀಟು. ರೆನ್ವಾರ್‌ಗೆ ಜನರ ಬಟ್ಟೆ, ಅವರು ನಿಂತಿರೋ ಠೀವಿ ಮುಖ್ಯ, ಬ್ರಷ್ ಹಗುರ, ನೀರು ಮೃದು. ಪಕ್ಕದಲ್ಲೇ ಗೆಳೆಯ ಕೂತಿದ್ದರೂ ಒಬ್ಬರು ಇನ್ನೊಬ್ಬರ ಕಾಪಿ ಆಗಲಿಲ್ಲ, ಎದುರಿಗೆ ಹೊಳೆ ಇತ್ತಲ್ಲ.

ನಂಗೆ ತುಂಗಾ_ತೀರ ಅವರ ಮಾತೇ ಸರಿ ಅನ್ಸತ್ತೆ. ಸಾಧ್ಯ ಆದ್ರೆ ಇನ್ನೊಬ್ಬರ ಜೊತೆ ಹೋಗಿ, ಒಂದೇ ಜಾಗ ಬರೆದು, ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ನೀಲಿಯೊಂದೇ_ಸಾಲದು:

ಕಪ್ಪಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಪ್ಪು ಬಳಸಬಾರದು ಅನ್ನೋದು ಅರ್ಧ ಸತ್ಯ. ಮಾನೆಯಂಥವನು (ಮೊನೆ ಅಲ್ಲ, ಅದೇ ಕಾಲದ ಇನ್ನೊಬ್ಬ ಚಿತ್ರಕಾರ) ಕಪ್ಪನ್ನ ಧಾರಾಳವಾಗಿ ಬಳಸಿದ. ಮೊನೆಯೂ ಶುರುವಿನಲ್ಲಿ ಬಳಸಿದ್ದಾನೆ, 1870ರ ತ್ರೂವಿಲ್ ಕಡಲತೀರದ ಚಿತ್ರದಲ್ಲಿ ಕಪ್ಪು ಢಾಳಾಗಿ ಇದೆ. (ಅದೇ ಚಿತ್ರದ ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿಕೊಂಡಿವೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಡಲತೀರದಲ್ಲೇ ಕೂತು ಬರೆದಿದ್ದಕ್ಕೆ ಅದೇ ಸಾಕ್ಷಿ.) ಆಮೇಲೆ ಬಿಟ್ಟ. 1905ರಲ್ಲಿ ತನ್ನ ಬಣ್ಣಗಳು ಯಾವುವು ಅಂತ ಕೇಳಿದಾಗ ಪತ್ರದಲ್ಲಿ ಕೊಟ್ಟ ಪಟ್ಟಿ ತುಂಬ ಚಿಕ್ಕದು: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ವಿರಿಡಿಯನ್ ಹಸಿರು. ಅಷ್ಟೇ.

ಇವತ್ತಿಗೆ ಹೊಂದಿಸಿದರೆ ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕೆಂಪು, ಅಲಿಜರಿನ್ ಕ್ರಿಮ್ಸನ್, ಅಲ್ಟ್ರಾಮರೀನ್, ವಿರಿಡಿಯನ್. ಸೀಸದ ಬಿಳಿ ವಿಷ, ಅದರ ಹಿಂದೆ ಹೋಗಬೇಡಿ. ಸೇತುವೆ ಕೆಳಗಿನ ಕತ್ತಲಿಗೆ ಅಲಿಜರಿನ್ ಜೊತೆ ವಿರಿಡಿಯನ್ ಕಲಸಿ ನೋಡಿ, ಕಪ್ಪಿಗೆ ಕಪ್ಪೇ ಬರತ್ತೆ. ಕೆಂಪು ಒಂದು ಚೂರು ಜಾಸ್ತಿ ಆದ್ರೆ ಬೆಚ್ಚಗಿನ ಕತ್ತಲು, ಹಸಿರು ಜಾಸ್ತಿ ಆದ್ರೆ ತಣ್ಣನೆಯದು. ಕಂಬದ ಬಿಸಿಲಿಗೆ ತಿರುಗಿದ ಕಡೆ ಮೊದಲನೆಯದು, ಒಳಗೆ ಎರಡನೆಯದು. ಟ್ಯೂಬಿನ ಕಪ್ಪಲ್ಲಿ ಈ ವ್ಯತ್ಯಾಸ ಸಿಗಲ್ಲ, ಕ್ಯಾನ್ವಾಸಲ್ಲಿ ತೂತು ಬಿದ್ದ ಹಾಗೆ ಕಾಣತ್ತೆ.

ಕರಾವಳಿ_ಬ್ರಷ್:

ಕ್ಯಾಡ್ಮಿಯಂ ಟ್ಯೂಬಿನ ರೇಟ್ ನೋಡಿದ್ದೀರಾ ನೀವು? ಸ್ಟೂಡೆಂಟ್ ಗ್ರೇಡಲ್ಲಿ ಹ್ಯೂ ಅಂತ ಬರೆದದ್ದು (ಅದೇ ಬಣ್ಣದ ಅಗ್ಗದ ಬದಲಿ) ಸಿಗ್ತದೆ, ಕಲೀಲಿಕ್ಕೆ ಅದು ಧಾರಾಳ ಸಾಕು. ಬಿಳಿ ಮಾತ್ರ ದೊಡ್ಡ ಟ್ಯೂಬ್ ತಗೊಳ್ಳಿ, ನೀರು ಬರೀಲಿಕ್ಕೆ ಬಿಳಿ ಹೋದಷ್ಟು ಬೇರೆ ಯಾವುದೂ ಹೋಗುದಿಲ್ಲ.

ಮತ್ತೆ ನಂದೊಂದು ಪ್ರಶ್ನೆ. ಮಂಗಳೂರಲ್ಲಿ ಮಳೆಗಾಲಕ್ಕೆ ಆಯಿಲ್ ಒಣಗ್ಲಿಕ್ಕೆ ಉಂಟಾ? ನಾನು ಅಕ್ರಿಲಿಕ್‌ಗೆ ಹೋಗಿದ್ದೇನೆ. ಗುರುಪುರ ಹೊಳೆ ಬರೀವಾಗ ಒಳ್ಳೇದಾಗ್ತದೆ, ಆದ್ರೆ ಮಾರ್ಚಿಯ ಬಿಸಿಲಲ್ಲಿ ಬ್ರಷ್ ಇಡುದರೊಳಗೆ ಪ್ಯಾಲೆಟಲ್ಲೇ ಗಟ್ಟಿ.

ಮೈಸೂರು_ಡ್ರಾಯಿಂಗ್_ಮೇಷ್ಟ್ರು:

ಆಯಿಲ್ ಕಲರ್ ನೀರಿನ ಹಾಗೆ ಆವಿಯಾಗಿ ಒಣಗೋದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗತ್ತೆ. ಹಾಗಾಗಿ ಬೀರುವಿನಲ್ಲಿ ಮುಚ್ಚಿಡದೆ ಗಾಳಿ ಬೆಳಕು ಆಡೋ ಕಡೆ ನಿಲ್ಲಿಸಿ. ಕರಾವಳಿಯಲ್ಲಿ ದೊಡ್ಡ ತಲೆನೋವು ಬೂಷ್ಟು. ಕ್ಯಾನ್ವಾಸಿನ ಬೆನ್ನು ಗೋಡೆಗೆ ತಾಗದ ಹಾಗೆ ನೋಡ್ಕೊಳ್ಳಿ.

ಅಕ್ರಿಲಿಕ್ ಆದ್ರೆ ಸ್ಪ್ರೇ ಬಾಟಲಿ, ಪ್ಯಾಲೆಟ್ ಅಡಿಗೆ ಒದ್ದೆ ಸ್ಪಾಂಜು, ಒಣಗೋದನ್ನ ತಡ ಮಾಡೋ ರಿಟಾರ್ಡರ್ ಇದ್ದರೆ ಒಂದೆರಡು ಹನಿ. ಆದರೆ ಹಸಿಯೊಳಗೆ ಹಸಿ ಎಳೆಯೋ ಈ ಶೈಲಿಗೆ ಆಯಿಲ್ಲೇ ಒಗ್ಗೋದು.

ಕರಾವಳಿ_ಬ್ರಷ್:

ಸರಿ ಸರ್. ಬೆನ್ನಿನ ವಿಷಯ ಗೊತ್ತಿರಲಿಲ್ಲ.

ತುಂಗಾ_ತೀರ:

ನೀರಿನ ಬಣ್ಣದ ಬಗ್ಗೆ ನನ್ನದೊಂದು ಮಾತು ಉಂಟು, ಯಾಕೆಂದರೆ ಇಲ್ಲಿ ಎಲ್ಲರೂ ತಿಳಿನೀರನ್ನೇ ಹಿಡಿದು ಮಾತಾಡುತ್ತಿದ್ದೀರಿ. ಜುಲೈ ಆಗಸ್ಟಿನಲ್ಲಿ ತೀರ್ಥಹಳ್ಳಿಯ ತುಂಗೆ ಕೆಂಪು ಕೆಂಪಾಗಿ ಬರುತ್ತಾಳೆ. ಆಗ ಪ್ರತಿಬಿಂಬದ ಪಾಠ ಅರ್ಧ ಕೆಲಸಕ್ಕೆ ಬರುವುದಿಲ್ಲ. ನೀರಿನೊಳಗಿನ ಮಣ್ಣು ಬೆಳಕನ್ನು ಚೆದುರಿಸುವುದರಿಂದ ಹೊಳೆಗೆ ತನ್ನದೇ ಬಣ್ಣ ಬಂದುಬಿಡುತ್ತದೆ. ತಿಳಿನೀರಿನ ಮೇಲೆ ಮರದ ನೆರಳು ಬಿದ್ದದ್ದು ಸರಿಯಾಗಿ ಕಾಣುವುದೇ ಇಲ್ಲ, ಕೆಂಪು ನೀರಿನ ಮೇಲೆ ಅದೇ ನೆರಳು ನೆಲದ ಮೇಲೆ ಬಿದ್ದಷ್ಟು ಸ್ಪಷ್ಟ. ಹಾಗಾಗಿ ಒಂದೇ ಮರಕ್ಕೆ ಎರಡು ಆಕಾರ: ನೇರ ಕೆಳಗೆ ಮಸುಕಾದ ಪ್ರತಿಬಿಂಬ, ಸೂರ್ಯನಿಗೆ ಎದುರು ದಿಕ್ಕಿನಲ್ಲಿ ನೆರಳು. ಇದನ್ನು ಕಣ್ಣಾರೆ ನೋಡದೆ ಯಾವ ಪ್ರಿಂಟಿನಿಂದಲೂ ಕಲಿಯಲಿಕ್ಕಾಗುವುದಿಲ್ಲ.

ನಾನು ಹಾಕುವುದು ಯೆಲ್ಲೋ ಆಕರ್ (ಮಣ್ಣಿನ ಹಳದಿ), ಬಿಳಿ, ಒಂದು ಚೂರು ಬರ್ನ್ಟ್ ಸಿಯೆನ್ನಾ (ಕೆಂಪುಗಂದು). ದೂರದ ನೀರಿಗೆ ಅದರಲ್ಲೇ ಆಕಾಶದ ಬೂದು ಬೆರೆಸುತ್ತೇನೆ. ನೆರಳಿನ ಭಾಗಕ್ಕೆ ಅಲ್ಟ್ರಾಮರೀನ್ ಮತ್ತು ಅಲಿಜರಿನ್ ಸೇರಿಸಿದರೆ ನೇರಳೆ ಛಾಯೆ ಬರುತ್ತದೆ, ಕೆಂಪು ನೀರಿಗೆ ಅದು ತುಂಬ ಚೆಂದ ಕೂರುತ್ತದೆ.

ಪ್ಯಾರಿಸ್_ಕನ್ನಡತಿ:

ಎಷ್ಟು ಚೆನ್ನಾಗಿ ಹೇಳಿದ್ರಿ. ನೆರೆ ನೀರು ಬೇಕಂದ್ರೆ ಸಿಸ್ಲಿ ನೋಡಿ, 1876ರಲ್ಲಿ ಪೋರ್ ಮಾರ್ಲಿ ಊರಿಗೆ ಸೀನ್ ನುಗ್ಗಿದಾಗ ಬರೆದ ಚಿತ್ರಗಳು. ಹೆಂಡದಂಗಡಿ ಕಟ್ಟಡದ ಬಾಗಿಲವರೆಗೆ ನೀರು ನಿಂತಿದೆ, ದೋಣಿ ಹೊರಟಿದೆ, ಅಬ್ಬರ ಅನ್ನೋದೇ ಇಲ್ಲ. ನಂಗೆ ಮೊನೆಗಿಂತ ಸಿಸ್ಲಿ ಒಂದು ತೂಕ ಜಾಸ್ತಿ ಇಷ್ಟ. ಅವನ ಚಿತ್ರಗಳಲ್ಲಿ ಆಕಾಶ ಮತ್ತು ನೀರು ಒಟ್ಟೊಟ್ಟಿಗೆ ಹುಟ್ಟಿದ ಹಾಗಿರತ್ತೆ. ನೀರು ಬರೆಯೋ ಮೊದಲು ಆಕಾಶ ಬರೀರಿ, ಆ ಬಣ್ಣ ಪ್ಯಾಲೆಟ್ ಮೇಲೆ ಹಸಿ ಇರುವಾಗಲೇ ಒಂದು ಚೂರು ಮಂಕು ಮಾಡಿ ಕೆಳಗೂ ತನ್ನಿ. ಇದನ್ನ ನಾನು ಅವನ ಚಿತ್ರಗಳ ಎದುರು ನಿಂತೇ ಕಲಿತದ್ದು.

ಕೆಆರ್‌ಎಸ್_ಕೆಳದಂಡೆ:

ಚಿತ್ರದ ಬಗ್ಗೆ ನಂಗೆ ಗೊತ್ತಿಲ್ಲ, ಆದ್ರೆ ಶ್ರೀರಂಗಪಟ್ಟಣದೋನು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ನೋಡ್ತಾ ನೋಡ್ತಾ ಏರತ್ತೆ. ಬಂಡೆ ಮೇಲೆ, ನಡುಗಡ್ಡೆ ಮೇಲೆ ಈಸೆಲ್ ಇಡಬೇಡಿ. ಮೆಟ್ಟಿಲು ಇರೋ ಕಡೆ ಮೇಲ್ಗಡೆ ಕೂರಿ. ಮೊಸಳೆಗಳೂ ಇವೆ, ರಂಗನತಿಟ್ಟು ಅಲ್ಲೇ ಮೇಲ್ಗಡೆ ಇರೋದು. ಬ್ರಷ್ ತೊಳೆಯೋಕೆ ನೀರಿಗೆ ಇಳೀಬೇಡಿ ಅಣ್ಣ.

ಹೊಳೆಮತ್ತಿ_ನೆರಳು:

ಮೊಸಳೆ ವಿಷಯ ಹೇಳಿದ್ದು ಒಳ್ಳೇದಾಯ್ತು. ದಡದಿಂದ ದೂರವೇ ಕೂರ್ತೀನಿ.

ನೀಲಿಯೊಂದೇ_ಸಾಲದು:

ಬ್ರಷ್ಷಿನ ಆಯಿಲ್ ಬಣ್ಣ ನೀರಲ್ಲಿ ಹೋಗೋದೂ ಇಲ್ಲ, ಅದನ್ನ ತೊಳೆದ ಟರ್ಪೆಂಟೈನನ್ನ ಹೊಳೆಗೆ ಚೆಲ್ಲೋದಂತೂ ಪಾಪ. ಒಂದು ಮುಚ್ಚಳದ ಡಬ್ಬಿಯಲ್ಲಿ ವಾಪಸ್ ತನ್ನಿ. ಬಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮತ್ತೆ ಬಳಸಬಹುದು. ಇನ್ನೊಂದು ಮುಖ್ಯ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಚೀಲಕ್ಕೆ ತುರುಕಬೇಡಿ, ಅದು ಒಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳತ್ತೆ. ಹರಡಿ ಒಣಗಿಸಿ, ಆಮೇಲೆ ಎಸೀರಿ.

ಗಡಿಯಾರ_ನೋಡಿ_ಬರೆ:

ತಡವಾಗಿ ಬಂದೆ. ಫೋಟೋ ಒಂಬತ್ತರ ಬೆಳಕಿನದು ಅಂದ್ರಲ್ಲ, ತೊಂದರೆ ಅಲ್ಲೇ ಇದೆ. ಯಾರೂ ಹೇಳಿಲ್ಲ.

ಮಾರ್ಚ್ 21ರ ಆಸುಪಾಸು ತಗೊಳ್ಳಿ. ಪ್ಯಾರಿಸ್ಸಿನಲ್ಲಿ ನಡುಮಧ್ಯಾಹ್ನ ಸೂರ್ಯ ಏರೋದು ಸುಮಾರು 41 ಡಿಗ್ರಿ ಎತ್ತರಕ್ಕೆ. ಶ್ರೀರಂಗಪಟ್ಟಣದಲ್ಲಿ ಅದೇ ದಿನ ಹೆಚ್ಚುಕಮ್ಮಿ 78, ನೆತ್ತಿ ಮೇಲೆ. ಆ 41ನ್ನ ನಮ್ಮ ಸೂರ್ಯ ಬೆಳಗ್ಗೆ ಒಂಬತ್ತೂಕಾಲಿಗೆಲ್ಲ ಮುಟ್ಟಿಬಿಡ್ತಾನೆ. ಅಂದ್ರೆ ನಾವು ಬೆಳಗಿನ ಬೆಳಕು ಅಂದ್ಕೊಂಡು ಕೂತಿರೋದು, ಆರ್ಜಾಂತೈಯ ನಡುಮಧ್ಯಾಹ್ನ. ಆಮೇಲೆ ಬರೋ ನೆತ್ತಿಬಿಸಿಲನ್ನ ಮಾರ್ಚಿನ ಸೀನ್ ದಂಡೆ ನೋಡೋದೇ ಇಲ್ಲ. ನೆರಳೆಲ್ಲ ಮರದ ಬುಡಕ್ಕೆ ಸೇರಿ, ಬಣ್ಣ ತೊಳೆದ ಹಾಗಾಗಿ, ನೀರಿನ ಮೇಲೆ ಬರೀ ಬೆಳ್ಳನೆ ಝಳ. ಆ ಹೊತ್ತಲ್ಲಿ ಮೊನೆಯ ಬಣ್ಣ ಹುಡುಕಿದ್ರೆ ಎಲ್ಲಿಂದ ಸಿಗತ್ತೆ?

ಸೂರ್ಯ ಹುಟ್ಟಿದ ಮೇಲೆ ಒಂದೂವರೆ ಗಂಟೆ, ಮುಳುಗೋ ಮೊದಲು ಒಂದು ಗಂಟೆ. ನಮಗೆ ಸಿಗೋದು ಇಷ್ಟೇ. ಅದೂ ಅಲ್ಲಿಗಿಂತ ಬೇಗ ಬೇಗ ಬದಲಾಗತ್ತೆ, ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಏರೋದರಿಂದ. ಹಾಗಾಗಿ ಬೆಳಗ್ಗೆಗೆ ಒಂದು ಬೋರ್ಡು, ಸಂಜೆಗೆ ಬೇರೆ ಬೋರ್ಡು. ಬೆಳಗಿನ ಬೋರ್ಡನ್ನ ಸಂಜೆ ಮುಟ್ಟಬೇಡಿ. ಮೊನೆ ಒಂದೇ ಜಾಗಕ್ಕೆ ಹಲವು ಕ್ಯಾನ್ವಾಸ್ ತಗೊಂಡು ಹೋಗಿ, ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸ್ತಿದ್ದ. 1896–97ರಲ್ಲಿ ಸೀನ್ ನದಿಯ ಮುಂಜಾವಿನ ಸರಣಿ ಬರೆಯುವಾಗ ಬೆಳಕು ಹರಿಯೋ ಮೊದಲೇ ದೋಣಿಯಲ್ಲಿ ಇರ್ತಿದ್ದ. ಅವನಿಗೇ ಅಷ್ಟು ಆತುರ ಇತ್ತು ಅಂದ್ರೆ ನಮಗೆ ಎಷ್ಟಿರಬೇಕು.

ಮೈಸೂರು_ಡ್ರಾಯಿಂಗ್_ಮೇಷ್ಟ್ರು:

ಈ ಚರ್ಚೆಯಲ್ಲಿ ಬಂದಿರೋದರಲ್ಲಿ ಇದು ಒಳ್ಳೇ ಉತ್ತರ. ಒಂದು ಮಾತು ಸೇರಿಸ್ತೀನಿ. ಬೇಗ ಬರೀಬೇಕು ಅಂತ ಕೈ ಓಡಿಸೋದಲ್ಲ. ಮನೇಲೇ ತಯಾರಿ ಮಾಡ್ಕೊಂಡು ಹೋಗಿ: ಬಣ್ಣ ಪ್ಯಾಲೆಟ್ ಮೇಲೆ ಹಾಕಿರಬೇಕು, ಸೇತುವೆ ರೇಖೆ ಹಿಂದಿನ ದಿನವೇ ತೆಳುವಾಗಿ ಎಳೆದಿರಬೇಕು. ಹೋದ ಕೂಡಲೇ ಕಣ್ಣು ಕಿರಿದು ಮಾಡಿ ನೋಡಿ. ವಿವರ ಎಲ್ಲ ಅಳಿಸಿಹೋಗಿ ಮೂರೋ ನಾಲ್ಕೋ ದೊಡ್ಡ ಕತ್ತಲು ಬೆಳಕಿನ ಆಕಾರ ಉಳೀತವೆ. ಅವನ್ನ ಮೊದಲು ಹಿಡೀರಿ.

ಧಾರವಾಡ_ಕುಂಚ:

ಹಂಗಾದ್ರ ಬೆಳಕು ಹೋದ ಮ್ಯಾಲೆ ಚಿತ್ರ ಅರ್ಧಕ್ಕ ನಿಲ್ತೈತಲ್ರೀ. ಮನಿಗೆ ಬಂದು ತಿದ್ದಬಾರದಾ?

ಪ್ಯಾರಿಸ್_ಕನ್ನಡತಿ:

ಧಾರಾಳವಾಗಿ ತಿದ್ದಬಹುದು. ಎಲ್ಲವನ್ನೂ ಹೊರಗಡೆ ಕೂತೇ ಮುಗಿಸಿದ್ರು ಅನ್ನೋದು ಕಟ್ಟುಕಥೆ. ಮೊನೆ ಲಂಡನ್ನಿನ ಥೇಮ್ಸ್ ಚಿತ್ರಗಳನ್ನ 1899ರಿಂದ 1901ರ ನಡುವೆ ಅಲ್ಲಿ ಶುರು ಮಾಡಿ, ಫ್ರಾನ್ಸಿನ ಜಿವರ್ನಿಯಲ್ಲಿದ್ದ ತನ್ನ ಮನೆಯ ಸ್ಟುಡಿಯೋದಲ್ಲಿ ತಿದ್ದಿ ತಿದ್ದಿ 1904ರಲ್ಲಿ ಪ್ರದರ್ಶನಕ್ಕಿಟ್ಟ. ಆದ್ರೆ ಮೂಲ ಬೆಳಕು ಹೊಳೆ ಎದುರಿಗೇ ಹಿಡಿದದ್ದು.

ಹೊಳೆಮತ್ತಿ_ನೆರಳು:

ತುಂಬ ತುಂಬ ಉಪಕಾರ ಎಲ್ಲರಿಗೂ. ನಾಳೆಯಿಂದ ಆರೂವರೆಗೇ ಹೋಗ್ತೀನಿ. ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಚೆ ದಂಡೆ ಹಸಿರು. ವಿರಿಡಿಯನ್‌ಗೆ ಹಳದಿ ಹಾಕಿದ್ರೆ ಪ್ಲಾಸ್ಟಿಕ್ ಹಸಿರು, ಎಲ್ಲ ಮರವೂ ಒಂದೇ.

ತುಂಗಾ_ತೀರ:

ಅದಕ್ಕೆ ಒಂದು ಚೂರು ಅಲಿಜರಿನ್ ಅಥವಾ ಬರ್ನ್ಟ್ ಸಿಯೆನ್ನಾ ಸೇರಿಸಿ, ಹಸಿರಿನ ಸೊಕ್ಕು ಇಳಿಯುತ್ತದೆ. ಆಮೇಲೆ ಮರ ಮರವನ್ನೂ ಬೇರೆ ಬೇರೆ ನೋಡಿ. ಬಿದಿರು ಹಳದಿ ಕಡೆಗೆ. ನಿಮ್ಮ ಹೊಳೆಮತ್ತಿ ಎಲೆ ಮಾಸಲು, ಬೂದು ಬೆರೆತ ಹಸಿರು, ಕಾಂಡವಂತೂ ಬೆಳ್ಳಗೆ ನುಣುಪು. ತೆಂಗಿನ ಗರಿ ನುಣುಪಾಗಿರುವುದರಿಂದ ಆಕಾಶವನ್ನೇ ಹೊಳೆಯಿಸುತ್ತದೆ. ಗರಿಯ ಮೇಲ್ಭಾಗದಲ್ಲಿ ಹಸಿರೇ ಇಲ್ಲ, ತಿಳಿನೀಲಿ. ಬಿಸಿಲು ಹಿಂದಿನಿಂದ ತೂರಿ ಬಂದ ಕಡೆ ಮಾತ್ರ ಉರಿಹಳದಿ ಹಸಿರು. ದೂರದ ಕಬ್ಬಿನ ಗದ್ದೆ ಇವೆಲ್ಲಕ್ಕಿಂತ ತಿಳಿ. ಹಸಿರು ಟ್ಯೂಬು ಮುಟ್ಟದೆ ಅಲ್ಟ್ರಾಮರೀನ್ ಮತ್ತು ಆಕರ್ ಕಲಸಿಯೂ ನೋಡಿ, ನಮ್ಮ ಮರಗಳ ಮಾಸಲು ಹಸಿರು ಅದರಲ್ಲೇ ಇದೆ.

ಬಣ್ಣದ_ಡಬ್ಬಿ:

ಮರ ಅಂದಾಗ ನೆನಪಾಯ್ತು. ನಾನು ಬರೀತಿದ್ದ ಹೊಳೆ ಪಕ್ಕದ ಹೊಂಗೆ ಸಾಲನ್ನ ರಸ್ತೆಗೋಸ್ಕರ ಕಡಿದುಬಿಟ್ರು. ಅರ್ಧ ಚಿತ್ರ ಹಾಗೇ ಇದೆ.

ನೀಲಿಯೊಂದೇ_ಸಾಲದು:

ಮೊನೆಗೂ ಇದೇ ಆಗಿತ್ತು. 1891ರಲ್ಲಿ ಎಪ್ತ್ ಹೊಳೆ ದಂಡೆಯ ಪಾಪ್ಲರ್ ಸಾಲನ್ನ ಬರೀತಿರುವಾಗಲೇ ಅವು ಹರಾಜಿಗೆ ಬಂದವು. ಮರದ ವ್ಯಾಪಾರಿಗೆ ದುಡ್ಡು ಕೊಟ್ಟು, ಚಿತ್ರ ಮುಗಿಯೋವರೆಗೆ ಕಡಿಯದ ಹಾಗೆ ಮಾಡ್ಕೊಂಡ. ನಿಮ್ಮ ಅರ್ಧ ಚಿತ್ರ ಎಸೀಬೇಡಿ, ಆ ಸಾಲಿಗೆ ಈಗ ಅದೊಂದೇ ದಾಖಲೆ.

ಗಡಿಯಾರ_ನೋಡಿ_ಬರೆ:

ನಮ್ಮಲ್ಲೇ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನ ಹಾಗೆ ಬರೆದಿಟ್ಟಿದ್ದಾರೆ. ದಪ್ಪ ಬಣ್ಣ, ಧೈರ್ಯದ ಬ್ರಷ್, ಬಿಸಿಲು ನಮ್ಮದೇ. ಫ್ರಾನ್ಸಿನವರ ಪ್ರಿಂಟ್ ನೋಡೋ ಮೊದಲು ಅವರ ಚಿತ್ರ ನೋಡಿ ಅಂತ ನಾನು ಎಲ್ಲರಿಗೂ ಹೇಳೋದು. ನೆತ್ತಿ ಮೇಲಿನ ಸೂರ್ಯನನ್ನ ಹೇಗೆ ನಿಭಾಯಿಸೋದು ಅನ್ನೋದಕ್ಕೆ ಮೊನೆಗಿಂತ ಅವರೇ ನಮಗೆ ಹತ್ತಿರದ ಗುರು.

ಧಾರವಾಡ_ಕುಂಚ:

ಇದಕ್ಕ ನಂದೂ ಒಪ್ಪಿಗಿ ಐತಿ. ಕಾಪಿ ಮಾಡೋದಾದ್ರ ಅವರದ ಮಾಡ್ರಿ.

ತುಂಗಾ_ತೀರ:

ಮತ್ತೆ ಕಾಪಿಗೇ ಬಂದಿರಾ!

ಹೊಳೆಮತ್ತಿ_ನೆರಳು:

ಕೊನೇದು. ಹಸಿ ಬೋರ್ಡನ್ನ ಬಸ್ಸಲ್ಲಿ ಹೇಗೆ ತಗೊಂಡು ಹೋಗ್ತೀರಿ? ಮೈಸೂರಿಗೆ ಬರೋದರೊಳಗೆ ಪಕ್ಕದವರ ಪಂಚೆಗೆ ಬಣ್ಣ.

ಕರಾವಳಿ_ಬ್ರಷ್:

ಅದೇ ಅಳತೆಯ ಇನ್ನೊಂದು ಖಾಲಿ ಬೋರ್ಡ್ ತಗೊಳ್ಳಿ. ನಾಲ್ಕು ಮೂಲೆಗೂ ಒಂದೊಂದು ಸಣ್ಣ ಕಾರ್ಕ್ ತುಂಡಿಟ್ಟು, ಎರಡನ್ನೂ ಮುಖಾಮುಖಿ ಸೇರಿಸಿ ಬಟ್ಟೆ ಕ್ಲಿಪ್ ಹಾಕಿ. ನಡುವೆ ಗಾಳಿ ಇರ್ತದೆ, ಬಣ್ಣ ತಾಗುದಿಲ್ಲ. ಮೂಲೆಯಲ್ಲಿ ಕಾರ್ಕ್ ಗುರುತು ಬಿದ್ದದ್ದನ್ನು ಮನೆಗೆ ಬಂದು ಒಂದು ಸಲ ಬ್ರಷ್ ಎಳೆದ್ರೆ ಆಯ್ತು. ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಳ್ಳುದು ಬೇಡ, ಸೀಟಿನಡಿ ನೆಟ್ಟಗೆ ನಿಲ್ಲಿಸಿ.